ಮೀಟರ್ ಮಾಮನ ಒಂಬತ್ತು ನರಿಗಳು

ಸೊನ್ನೆಯನ್ನು ಕಂಡುಹಿಡಿದದ್ದು ಮನುಷ್ಯನ ಬುದ್ಧಿಯ ಬಹು ದೊಡ್ಡ ಸಾಧನೆ ಎಂದು ಲೆಕ್ಕದ ಮೇಷ್ಟರುಗಳು ಹೇಳುತ್ತಾರೆ. ಮೀಟರ್ ಮಾಮನ ಮಟ್ಟಿಗೆ ಸೊನ್ನೆ ಎಂಬುದು ಒಂದು ಬೈಗುಳ. ಮನೆಮನೆಗೆ ಹೋಗಿ ವಿದ್ಯುತ್ ಮೀಟರ್ ಓದುವ ಕೆಲಸವನ್ನು ಕೂದಲು ಕಪ್ಪಗಿದ್ದಾಗ ಹಿಡಿದು, ಕೂದಲೇ ಇಲ್ಲದಾದಾಗ ಬಿಟ್ಟ ಮನುಷ್ಯ ಅವರು. ಮೀಟರು ಸೊನ್ನೆ ತೋರಿಸಿತೆಂದರೆ ಒಂದೋ ಮನೆಗೆ ಬೀಗ, ಇಲ್ಲ ಮೀಟರು ಕೆಟ್ಟಿದೆ, ಎರಡೂ ಅಲ್ಲದಿದ್ದರೆ ಮನೆಯವನು ಕಳ್ಳ. ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಅವರ ಭಾವಮೈದುನ ಮನೆಗೆ ಬಂದು, ಒಳ್ಳೆಯ ಕುರ್ಚಿಯನ್ನೇ ಹುಡುಕಿ ಕೂತು, ಅಕ್ಕ ಕೊಟ್ಟ ಕಾಫಿಯನ್ನು ಕೈಗೆತ್ತಿಕೊಂಡು, "ಭಾವ, ನಿಮ್ಮ ಬೀದಿ ಸೊನ್ನೆ" ಅಂದುಬಿಟ್ಟ.

ಭಾವಮೈದುನನದು ಕನ್ನಡಕದ ಅಂಗಡಿ. ಕನ್ನಡಕ ಮಾರುತ್ತ ಮಾರುತ್ತ ದುರ್ಬೀನು ಮಾರತೊಡಗಿದ. ಯಾರೂ ಕೊಳ್ಳದ ಒಂದು ದುರ್ಬೀನನ್ನು ತನ್ನ ಕೊರಳಿಗೇ ಹಾಕಿಕೊಂಡ. ಅಂದಿನಿಂದ ಅದನ್ನು ಸ್ನಾನಕ್ಕೆ ಮಾತ್ರ ತೆಗೆಯುತ್ತಾನೆ, ಅದೂ ಅವನ ಹೆಂಡತಿ ಬೈದ ಮೇಲೆ. ಊರಿನಲ್ಲಿ ಜೀವಿಗಳ ಗಣತಿ ಎಂಬ ಯೋಜನೆ ಶುರುವಾದಾಗ ಅದರ ಸ್ಥಳೀಯ ಸ್ವಯಂಸೇವಕರಿಗೆಲ್ಲ ಅವನೇ ಮುಂದಾಳು. ಜನ ತಮ್ಮ ಬೀದಿಯಲ್ಲಿ ಕಂಡ ಹಕ್ಕಿ, ಹುಳ, ಪ್ರಾಣಿಗಳನ್ನು ಮೊಬೈಲಿನ ಆ್ಯಪಿನಲ್ಲಿ ದಾಖಲಿಸಬೇಕು. ಹೆಚ್ಚು ಕಂಡ ಬೀದಿ ನಕ್ಷೆಯಲ್ಲಿ ಕೆಂಪಗೆ, ಕಡಿಮೆ ಕಂಡದ್ದು ಹಸಿರಾಗಿ. ಏನೂ ಕಾಣದ ಬೀದಿ ಬೆಳ್ಳಗೆ. ಮಾಮನ ಬೀದಿ ಆಗಷ್ಟೇ ಒಗೆದ ಪಂಚೆಯಷ್ಟು ಬೆಳ್ಳಗಿತ್ತು.

"ಸೊನ್ನೆ ಅಂದ್ರೆ ಏನಯ್ಯ?" ಮಾಮ ಕೇಳಿದರು.

"ಅಂದ್ರೆ ನಿಮ್ಮ ಬೀದೀಲಿ ಒಂದು ಇರುವೆನೂ ಇಲ್ಲ ಅಂತ."

"ಇರುವೆ ಇಲ್ವಾ? ಒಳಗೆ ಹೋಗಿ ನಿಮ್ಮಕ್ಕನ ಸಕ್ಕರೆ ಡಬ್ಬಿ ನೋಡು!"

"ನನ್ನ ಡಬ್ಬಿ ಸುದ್ದಿಗೆ ಯಾಕೆ ಬರ್ತೀರಿ?" ಎಂದು ಅಡುಗೆಮನೆಯಿಂದ ಹೆಂಡತಿ ಕೂಗಿದಳು.

ಭಾವಮೈದುನ ಮಾಮನ ಮೊಬೈಲು ಇಸಿದುಕೊಂಡು ಆ್ಯಪ್ ಹಾಕಿಕೊಟ್ಟ. "ಜಾಗ ಒತ್ತಿ, ಜೀವಿ ಹೆಸರು ಹಾಕಿ, ಎಷ್ಟು ಅಂತ ಹಾಕಿ, ಕಳಿಸಿ. ಅಷ್ಟೇ. ಆದ್ರೆ ಕಂಡದ್ದು ಮಾತ್ರ ಹಾಕ್ಬೇಕು ಭಾವ. ಅಂದಾಜಿನಲ್ಲಿ ಏನೇನೋ ತುಂಬಬೇಡಿ."

ಈ ಮಾತು ಮಾಮನಿಗೆ ನಾಟಿತು. ಅವರ ಜೊತೆಯವರಲ್ಲಿ ಕೆಲವರು ಟೀ ಅಂಗಡಿಯಲ್ಲಿ ಕೂತೇ ಒಂದಿಡೀ ಬಡಾವಣೆಯ ರೀಡಿಂಗ್ ಬರೆದು ಮುಗಿಸುತ್ತಿದ್ದರು. ಮಾಮ ಮಾತ್ರ ನಾಯಿ ಅಟ್ಟಿಸಿಕೊಂಡು ಬಂದರೂ, ಗೇಟು ಹಾರಿಯಾದರೂ, ಕಿಟಕಿಯಿಂದ ಕನ್ನಡಿ ತೂರಿಸಿಯಾದರೂ ಮೀಟರಿನ ಮುಖ ನೋಡದೆ ಬರೆದವರಲ್ಲ. ನಿವೃತ್ತಿಯ ದಿನ ಅಧಿಕಾರಿ ಭಾಷಣ ಮಾಡುತ್ತ, ಹೊಗಳಲು ಬೇರೇನೂ ಸಿಗದೆ ತಡಕಾಡಿ, ಕೊನೆಗೆ "ಇವರು ಒಂದೇ ಒಂದು ಸುಳ್ಳು ರೀಡಿಂಗ್ ಬರೆದವರಲ್ಲ" ಅಂದಿದ್ದರು. ಅದೊಂದು ಮಾತನ್ನು ಮಾಮ ಮನಸ್ಸಿನಲ್ಲಿ ಚಿನ್ನದ ಹಾಗೆ ಕಾಪಾಡಿಕೊಂಡಿದ್ದರು. ಬಡ್ತಿಯಿಲ್ಲ, ಪದಕವಿಲ್ಲ, ಇದ್ದದ್ದು ಆ ಹೆಸರೊಂದೇ.

ಸಂಜೆ ಮುಂಬಾಗಿಲ ಮೆಟ್ಟಿಲ ಮೇಲೆ ಕನ್ನಡಕ ಏರಿಸಿಕೊಂಡು ಕೂತರು. ಪಕ್ಕದಲ್ಲಿ ಹೆಂಡತಿ ಬಟಾಣಿ ಸುಲಿಯುತ್ತಿದ್ದಳು.

ಇಲ್ಲಿ ಮಾಮನ ತಲೆಯೊಳಗೆ ನಡೆದದ್ದನ್ನು ಹೇಳಿಬಿಡಬೇಕು. ವಿದ್ಯುತ್ ಮೀಟರು ಈ ತಿಂಗಳಿನದಷ್ಟೇ ಲೆಕ್ಕ ತೋರಿಸುವುದಿಲ್ಲ. ಗೋಡೆಗೆ ಹೊಡೆದ ದಿನದಿಂದ ಇವತ್ತಿನವರೆಗಿನ ಒಟ್ಟು ಮೊತ್ತ ಅದರ ಹೊಟ್ಟೆಯಲ್ಲಿರುತ್ತದೆ. ಓದುವವನು ಆ ಒಟ್ಟು ಮೊತ್ತ ಬರೆದುಕೊಂಡು ಬರುತ್ತಾನೆ. ಅದರಲ್ಲಿ ಹಿಂದಿನದನ್ನು ಕಳೆದು ಈ ತಿಂಗಳಿನದೆಷ್ಟು ಎಂದು ನೋಡುವುದು ಆಫೀಸಿನವರ ತಲೆನೋವು. ಹಾಗಾಗಿ 'ಎಷ್ಟು?' ಎಂದು ಕೇಳಿದರೆ ಮಾಮನ ಪಾಲಿಗೆ ಒಂದೇ ಅರ್ಥ: ಶುರುವಿನಿಂದ ಈವರೆಗೆ ಒಟ್ಟು ಎಷ್ಟು. ಈ ಬೀದಿಯಲ್ಲಿ ತಾವು ಇದುವರೆಗೆ ಕಂಡ ಜೀವಿಗಳನ್ನೆಲ್ಲ ಕೂಡಿಸಿ ಹಾಕಲು ಅವರು ಸಿದ್ಧರಾದರು.

ಜಾಗ ಒತ್ತಿದ್ದೇ ತಡ, ಆ ಜಾಗವೇ ಎದ್ದು ಬಂದು ಅವರ ಮುಂದೆ ನಿಂತಿತು. ಈಗ ಬೇಕರಿ ಇರುವಲ್ಲಿ, ಅದರ ಹಿಂದೆ, ಒಂದು ಹಳ್ಳ ಹರಿಯುತ್ತಿತ್ತು. ನೀರುನಾಯಿಗಳು ಅದರಲ್ಲಿ, ಸ್ನಾನ ಮುಗಿಸಿ ಮೇಲೆ ಬರಲೊಲ್ಲದ ಮಕ್ಕಳ ಹಾಗೆ ಮುಳುಗೇಳುತ್ತಿದ್ದವು. ಹಿಟ್ಟಿನ ಗಿರಣಿಯ ಅಟ್ಟದಲ್ಲಿ ಗೂಬೆಗಳ ಸಂಸಾರ. ಮೀಟರ್ ಪೆಟ್ಟಿಗೆಗಳಲ್ಲೆಲ್ಲ ಗುಬ್ಬಿಗೂಡು. ರೀಡಿಂಗ್ ನೋಡಬೇಕಾದರೆ ಗೂಡನ್ನು ಮೆಲ್ಲಗೆ ಸರಿಸಬೇಕು, ತಾಯಿಗುಬ್ಬಿ ತಂತಿಯ ಮೇಲೆ ಕೂತು ಮೇಲಧಿಕಾರಿಗಿಂತ ಜೋರಾಗಿ ಬೈಯುತ್ತಿತ್ತು. ಬೇಸಿಗೆಯಲ್ಲಿ ಮೆಟ್ಟಿಲ ಕೆಳಗಿನ ತಂಪಿಗೆ ಕಪ್ಪೆಗಳು ಬಂದು ಮೀಟರಿನ ಹಲಗೆಯ ಕೆಳಗೆ ಕಂತು ಕಟ್ಟಲು ಬಂದವರಂತೆ ಸಾಲಾಗಿ ಕೂರುತ್ತಿದ್ದವು. ಇನ್ನು ಕರೆಂಟು ಹೋದ ಸಂಜೆಗಳು! ಜನ ಹೊರಗೆ ಬಂದು, ಇಲಾಖೆಯನ್ನು ಬೈಯಲು ಬಾಯಿ ತೆರೆದವರು, ಬೇಲಿಯ ಮೇಲಿನ ಮಿಂಚುಹುಳಗಳನ್ನು ಕಂಡು ಬಾಯಿ ಮುಚ್ಚುವುದನ್ನೂ ಮರೆತು ನಿಲ್ಲುತ್ತಿದ್ದರು. ಇಷ್ಟೆಲ್ಲ ಇದ್ದ ಬೀದಿಯನ್ನು ಸೊನ್ನೆ ಅನ್ನುವುದಕ್ಕೆ ಆ ದುರ್ಬೀನಿನವನಿಗೆ ಮನಸ್ಸಾದರೂ ಹೇಗೆ ಬಂತು?

"ಗುಬ್ಬಿ ಎಷ್ಟು ಅಂತ ಹಾಕ್ಲಿ?" ಎಂದು ಹೆಂಡತಿಯನ್ನು ಕೇಳಿದರು.

"ಯಾರಿಗೆ ಗೊತ್ತು? ಐದು ಸಾವಿರ ಹಾಕಿ."

"ಹಾಗೆ ಸಾಲಾಗಿ ಸೊನ್ನೆ ಹಾಕೋದು ಟೀ ಅಂಗಡೀಲಿ ಕೂತು ಬರೆಯೋರು ಕಣೇ."

ಮನೆಗಿಷ್ಟು ಗೂಡು, ಗೂಡಿಗಿಷ್ಟು ಮರಿ ಎಂದು ನೆನಪು ಮಾಡಿಕೊಂಡು, ಬಟಾಣಿಯನ್ನೇ ಸಾಲು ಸಾಲಾಗಿ ಜೋಡಿಸಿ ಕೂಡಿಸಿದರು. ಗುಬ್ಬಿ ನಾಲ್ಕು ಸಾವಿರದ ಮುನ್ನೂರ ಹದಿನಾರು. ನೀರುನಾಯಿ ಇಪ್ಪತ್ತೇಳು. ಕಪ್ಪೆಯ ವಿಷಯದಲ್ಲಿ ಗಂಡ ಹೆಂಡಿರಿಗೆ ಜಟಾಪಟಿಯಾಯಿತು. ನಮ್ಮ ಮೆಟ್ಟಿಲ ಕೆಳಗೆ ಇದ್ದದ್ದು ಒಂದೇ ಕಪ್ಪೆ, ಅದನ್ನೇ ನೀವು ತಿಂಗಳು ತಿಂಗಳು ಹೊಸದೆಂದು ಎಣಿಸಿದಿರಿ ಎಂದು ಅವಳ ವಾದ. ಮಾಮ ನ್ಯಾಯವಾಗಿ ಒಂದಷ್ಟು ಕಪ್ಪೆ ಬಿಟ್ಟುಕೊಟ್ಟರು. ನರಿಗೆ ಮಾತ್ರ ಲೆಕ್ಕ ಹಾಕುವ ಕಷ್ಟವಿರಲಿಲ್ಲ. ಒಂಬತ್ತೂ ಅವರಿಗೆ ಪ್ರತ್ಯೇಕವಾಗಿ ನೆನಪಿದ್ದವು. ಒತ್ತಿ ಕಳಿಸಿ, ಸುಲಿದ ಬಟಾಣಿಯನ್ನು ಬುಟ್ಟಿಗೆ ಹಾಕಿ, ನೆಮ್ಮದಿಯಿಂದ ಊಟ ಮಾಡಿ ಮಲಗಿದರು. ದಿನಾಂಕವನ್ನು ಆ್ಯಪ್ ತಾನೇ ಹಾಕಿಕೊಳ್ಳುತ್ತದೆ, ಅದೂ ಅವತ್ತಿನದು ಎಂಬ ಸಂಗತಿ ಅವರ ಗಮನಕ್ಕೆ ಬರಲೇ ಇಲ್ಲ.

ಬೆಳಿಗ್ಗೆ ಬಾಗಿಲು ತೆರೆದರೆ ಬೀದಿಯ ತುಂಬ ಜನ. ನಕ್ಷೆಯಲ್ಲಿ ಅವರ ಬೀದಿ ಕೆಂಡದ ಹಾಗೆ ಕೆಂಪಾಗಿತ್ತು. ಕಾಡುಗಳಿಗೂ ಬಾರದ ಬಣ್ಣ ಅದು. ಮೂರು ಕಾಲಿನ ಕ್ಯಾಮೆರಾಗಳು, ಬಕೆಟ್ಟಿನಂಥ ಟೋಪಿಗಳು, ಎಲೆಯ ಬಣ್ಣದ ಅಂಗಿಗಳು. ಆ ಬೀದಿಯಲ್ಲಿ ಒಂದು ಎಲೆಯೂ ಇರಲಿಲ್ಲವಾದ್ದರಿಂದ ಎಲೆಬಣ್ಣದವರು ಬಹಳ ಎದ್ದು ಕಾಣುತ್ತಿದ್ದರು.

ಮಾಮನಿಗೆ ಒಂದಿಷ್ಟೂ ಗಾಬರಿಯಾಗಲಿಲ್ಲ. ರೀಡಿಂಗ್ ಇದ್ದಕ್ಕಿದ್ದಂತೆ ಏರಿದರೆ ಇಲಾಖೆ ತಪಾಸಣೆಗೆ ಜನ ಕಳಿಸುವುದು ಮಾಮೂಲು. ಒಳಗೆ ಹೋಗಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಗೇಟಿನಲ್ಲಿ ನಿಂತರು.

"ಸಾರ್, ನೀರುನಾಯಿ ಯಾವ ಕಡೆ?" ಒಬ್ಬ ಪಿಸುಗುಟ್ಟಿದ.

"ಬೇಕರಿ ಹಿಂದೆ" ಎಂದರು ಮಾಮ, ಧಾರಾಳವಾಗಿ.

ಇಡೀ ಗುಂಪು ತುದಿಗಾಲಲ್ಲಿ ಬೇಕರಿಯ ಹಿಂದಕ್ಕೆ ಓಡಿತು. ಅಲ್ಲಿ ಮೈದಾ ಹಿಟ್ಟಿನ ಖಾಲಿ ಚೀಲಗಳ ಮೇಲೆ ಒಂದು ಬೆಕ್ಕು ಮಲಗಿತ್ತು. ತನ್ನನ್ನು ಇಷ್ಟು ಜನ ಇಷ್ಟು ಭಕ್ತಿಯಿಂದ ನೋಡುತ್ತಿರುವುದನ್ನು ಕಂಡು ಅದು ಎದ್ದು ಮೀಸೆ ತಿದ್ದಿಕೊಂಡಿತು. ನೀರುನಾಯಿಗಾಗಿ ಕಾದು ಕಾದು ಹಸಿದ ಜನ ಮಧ್ಯಾಹ್ನದೊಳಗೆ ಬೇಕರಿಯ ಕಪಾಟು ಖಾಲಿ ಮಾಡಿದರು. ಬೇಕರಿಯವನು ಬಂದು ಮಾಮನ ಎರಡೂ ಕೈ ಹಿಡಿದುಕೊಂಡ.

"ಮಾಮ, ನಾಳೆಗೆ ಒಂದು ಚಿರತೆ ಹಾಕ್ತೀರಾ? ಬನ್ನು ಎರಡು ಟ್ರೇ ಜಾಸ್ತಿ ಮಾಡಿಸ್ತೀನಿ."

"ಚಿರತೆ ನಾನು ಕಂಡಿಲ್ಲಪ್ಪ."

"ಮರಿ ಆದ್ರೂ ಆಗುತ್ತೆ."

ಪಕ್ಕದ ಮನೆಯ ನಿವೃತ್ತ ಹೆಡ್‌ಮೇಡಂ ಕಾಂಪೌಂಡಿನ ಮೇಲಿಂದ ಕತ್ತು ಹಾಕಿದರು. ನಿವೃತ್ತಿಯಾದ ಮೇಲೂ ಅವರು ಬೀದಿಯನ್ನೆಲ್ಲ ಒಂದು ತರಗತಿಯೆಂದೇ ತಿಳಿದಿದ್ದರು. "ಏನ್ರೀ ಇದು, ಒಂಬತ್ತು ನರಿ! ಬೆಳಿಗ್ಗೆ ಬೆಳಿಗ್ಗೆ ನಾನು ಒಬ್ಬಳೇ ವಾಕಿಂಗ್ ಹೋಗ್ತೀನಿ. ಒಂದು ಮಾತು ಮುಂಚೆ ತಿಳಿಸ್ಬಾರ್ದಾ?"

"ನಿಮ್ಮನ್ನ ಅವು ಏನೂ ಮಾಡಲ್ಲ ಮೇಡಂ."

"ಅದು ನನಗೂ ಗೊತ್ತು. ಶಿಸ್ತಿನ ಪ್ರಶ್ನೆ ಇದು!"

ಮಧ್ಯಾಹ್ನ ಪುರಸಭೆಯ ಇನ್‌ಸ್ಪೆಕ್ಟರು ಒಂದು ಬಲೆ, ಒಂದು ಗೋಣಿಚೀಲ ಹಿಡಿಸಿಕೊಂಡು ಬಂದರು. "ಇಪ್ಪತ್ತೇಳು ನೀರುನಾಯಿ ಇಟ್ಕೊಂಡಿದ್ದೀರಂತೆ. ಲೈಸೆನ್ಸ್ ಎಲ್ಲಿ?"

"ಅವು ನಾಯಿ ಅಲ್ಲ ಸಾರ್."

"ಹೆಸರಲ್ಲಿ ನಾಯಿ ಇದೆ ತಾನೆ? ನೀರಲ್ಲಿ ಇರಲಿ, ನೆಲದ ಮೇಲಿರಲಿ, ಲೈಸೆನ್ಸ್ ಬೇಕು. ಚುಚ್ಚುಮದ್ದು ಆಗಿದೆಯಾ?"

ಗೋಣಿಚೀಲಕ್ಕೆ ಏನೂ ಸಿಗದೆ ಬರಿಗೈಯಲ್ಲಿ ಹೋಗುವುದು ಸರಿಯಲ್ಲವೆಂದು ಇನ್‌ಸ್ಪೆಕ್ಟರು ಮಾಮನ ಗೇಟಿಗೆ ಒಂದು ಹಲಗೆ ಹೊಡೆಸಿದರು. 'ನರಿಗಳಿವೆ, ಎಚ್ಚರಿಕೆ.' ಮಾಮ ಅದರ ಕೆಳಗೆ ನಿಂತು ಬಂದು ಹೋಗುವವರಿಗೆಲ್ಲ ನಗುಮುಖದಿಂದ ತಲೆಯಾಡಿಸುತ್ತಿದ್ದರು. ನಿವೃತ್ತಿಯಾದ ಮೇಲೆ ಅಷ್ಟು ಜನ ಅವರನ್ನು ಮಾತಾಡಿಸಿದ್ದು ಅದೇ ಮೊದಲು.

ಸಂಜೆ ಭಾವಮೈದುನ ಬಂದ. ಕೊರಳ ದುರ್ಬೀನು ಎದೆಗೆ ಬಡಿದುಕೊಳ್ಳುತ್ತಿತ್ತು.

"ಭಾವ, ನನ್ನ ಮಾನ ಮೂರು ಕಾಸಿಗೆ ತಂದ್ರಲ್ಲ! ನೀವು ನರಿ ಕಂಡಿದ್ದೀರಾ, ಇಲ್ವಾ?"

"ಕಂಡಿದ್ದೀನಿ."

"ಒಂಬತ್ತು?"

"ಒಂಬತ್ತು."

"ಈ ಬೀದೀಲಿ?"

"ಇದೇ ಬೀದೀಲಿ. ನಾಲ್ಕನೇದು ನೀನು ನಿಂತಿದ್ದೀಯಲ್ಲ, ಅಲ್ಲೇ."

ಭಾವಮೈದುನ ಒಂದು ಹೆಜ್ಜೆ ಹಿಂದಕ್ಕೆ ಹಾರಿ, ಆಮೇಲೆ ತಲೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತ. ಯೋಜನೆಯ ವಿಜ್ಞಾನಿ ಮೇಡಂ ಖುದ್ದಾಗಿ ಬರುತ್ತಾರಂತೆ. ಮುಂದಿನ ಭಾನುವಾರ ಗ್ರಂಥಾಲಯದ ಹಾಲಿನಲ್ಲಿ ಸಭೆಯಂತೆ. ಸುಳ್ಳು ದಾಖಲೆ ಹಾಕಿದವರ ಹೆಸರಿನ ಮುಂದೆ ಆ್ಯಪಿನಲ್ಲಿ 'ನಂಬಲರ್ಹರಲ್ಲ' ಎಂದು ಎಲ್ಲರಿಗೂ ಕಾಣುವಂತೆ ಹಾಕುತ್ತಾರಂತೆ.

"ಸುಳ್ಳು ದಾಖಲೆಯಾ?" ಎಂದರು ಮಾಮ. ಇಡೀ ದಿನದಲ್ಲಿ ಮೊದಲ ಸಲ ಅವರ ಮುಖದ ನಗು ಮಾಯವಾಯಿತು.

ಆ ವಾರ ಮಾಮ ಸರಿಯಾಗಿ ಊಟ ಮಾಡಲಿಲ್ಲ. ಬೀದಿಯ ಜನ ಬಿದ್ದು ಬಿದ್ದು ನಕ್ಕರು, ಬೇಕರಿಯವನೂ ಬನ್ನಿನ ಋಣ ಮರೆತು ನಕ್ಕ. ಯಾರು ಏನಂದರೂ ಅವರು ಸಹಿಸುತ್ತಿದ್ದರು. ಆದರೆ ಹೋಗಿ ನೋಡದೆ ಬರೆದವನು ಎಂಬ ಹೆಸರು ಹೊತ್ತು ಉಳಿದ ದಿನ ಕಳೆಯಬೇಕೆಂಬುದನ್ನು ನೆನೆದಾಗ ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟು ಏಳುತ್ತಿದ್ದರು.

ಭಾನುವಾರ ಗ್ರಂಥಾಲಯದ ಹಾಲಿನಲ್ಲಿ, ಓದುಗರು ಎಂದೂ ತುಂಬಿಸದ ಕುರ್ಚಿಗಳೆಲ್ಲ ತುಂಬಿದವು. ವೇದಿಕೆಯ ಮೇಲೆ ವಿಜ್ಞಾನಿ ಮೇಡಂ, ಪಕ್ಕದಲ್ಲಿ ಭಾವಮೈದುನ. ಮೇಡಂ ಚಿಕ್ಕ ವಯಸ್ಸಿನವರು, ಮೆತ್ತನೆಯ ಮಾತಿನವರು. ಮಾಮನನ್ನು ನಿಲ್ಲಿಸಿ, ಈ ಅಂಕಿಗಳು ಬಂದದ್ದು ಹೇಗೆ ಎಂದು ಕೇಳಿದರು. ಮಾಮ ಹೇಳಿದರು. ಮೀಟರಿನ ಹೊಟ್ಟೆ, ಒಟ್ಟು ಮೊತ್ತ, ಓದುವವನ ಕೆಲಸ, ಎಲ್ಲ.

"ಹಿಂದಿನ ರೀಡಿಂಗ್ ಕಳೆಯೋದು ಆಫೀಸಿನವರ ಕೆಲಸ ಅಲ್ವಾ ಮೇಡಂ?"

ಹಾಲಿನ ಚಾವಣಿ ಹಾರುವಂತೆ ಜನ ನಕ್ಕರು. ಮೇಡಂ ಕೂಡ ನಕ್ಕರು, ಆದರೆ ಅವರ ನಗು ಬೇರೆಯವರದಕ್ಕಿಂತ ಬೇಗ ನಿಂತಿತು.

"ನಮ್ಮ ಆಫೀಸಲ್ಲಿ ಹಿಂದಿನ ರೀಡಿಂಗೇ ಇಲ್ಲ ಸಾರ್. ನಿಮ್ಮದೇ ಮೊದಲನೇದು. ಹಳೆಯ ಕಾಲದ ದಾಖಲೆ ಅಂತ ನಮ್ಮಲ್ಲಿ ಒಂದು ವಿಭಾಗ ಇದೆ, ಅಲ್ಲಿ ಯಾರೂ ಏನೂ ಹಾಕಿಲ್ಲ. ಇದನ್ನೆಲ್ಲ ಅಲ್ಲಿಗೆ ಹಾಕಬಹುದು. ಆದ್ರೆ ಫೋಟೋ ಇಲ್ಲದಿದ್ರೆ ಇನ್ನೊಬ್ಬರ ಸಾಕ್ಷಿ ಬೇಕು, ಅದು ನಿಯಮ. ಎಲ್ಲದಕ್ಕೂ ಬೇಡ. ಒಂದೇ ಒಂದು ನರಿಗೆ ಸಾಕ್ಷಿ ಕೊಡಿ, ಉಳಿದದ್ದನ್ನ ನಾನು ನಂಬ್ತೀನಿ. ಇಲ್ಲದಿದ್ರೆ ಎಲ್ಲವನ್ನೂ ಸುಳ್ಳು ಅಂತಲೇ ತೆಗೆದುಹಾಕಬೇಕಾಗುತ್ತೆ."

"ನರಿಯಂತೆ!" ಎಂದರು ಹೆಡ್‌ಮೇಡಂ ಮುಂದಿನ ಸಾಲಿನಿಂದ. "ನಾನು ಈ ಬೀದಿಗೆ ಬಂದು ಇಷ್ಟು ವರ್ಷ ಆಯ್ತು, ನರಿಯ ಬಾಲವನ್ನೂ ನೋಡಿಲ್ಲ."

"ಯೋಚಿಸಿ ಹೇಳಿ ಸಾರ್" ಎಂದರು ವಿಜ್ಞಾನಿ ಮೇಡಂ. "ಜೊತೆಯಲ್ಲಿ ಯಾರೂ ಇರಲಿಲ್ವಾ? ಒಂಬತ್ತರಲ್ಲಿ ಒಂದಕ್ಕಾದರೂ?"

ಯೋಚಿಸುವುದೇನೂ ಇರಲಿಲ್ಲ. ಎಂಟು ನರಿಗಳನ್ನು ಮಾಮ ಒಬ್ಬರೇ ಕಂಡಿದ್ದರು. ಒಂದನ್ನು ಕಾಣುವಾಗ ಮಾತ್ರ ಪಕ್ಕದಲ್ಲಿ ಇನ್ನೊಬ್ಬನಿದ್ದ. ಆ ಇನ್ನೊಬ್ಬ ಈಗ ವೇದಿಕೆಯ ಮೇಲೆ, ದುರ್ಬೀನು ಹಾಕಿಕೊಂಡು, ಬೆವರುತ್ತ ಕೂತಿದ್ದ. ಮಾಮ ಅವನನ್ನು ಒಂದು ಕ್ಷಣ ನೋಡಿದರು. ಆಮೇಲೆ ಚಾವಣಿಯ ಫ್ಯಾನನ್ನು ನೋಡಿದರು.

"ಇಲ್ಲ ಮೇಡಂ, ಯಾರೂ ಇರಲಿಲ್ಲ. ಸಾಕ್ಷಿ ಇಲ್ಲ. ತೆಗೆದುಬಿಡಿ."

ಮೇಡಂ ಒಲ್ಲದ ಮನಸ್ಸಿನಿಂದ ಲ್ಯಾಪ್‌ಟಾಪಿನ ಮೇಲೆ ಬೆರಳಿಟ್ಟರು. ಭಾವಮೈದುನ ಕುರ್ಚಿ ಬೀಳುವಂತೆ ಎದ್ದು ನಿಂತ.

"ಭಾವ ಸುಳ್ಳು ಹೇಳ್ತಿದ್ದಾರೆ!"

"ಅದನ್ನೇ ತಾನೆ ನಾವೂ ವಾರದಿಂದ ಹೇಳ್ತಿರೋದು?" ಎಂದ ಬೇಕರಿಯವನು.

"ಅದಲ್ಲ! ಸಾಕ್ಷಿ ಇಲ್ಲ ಅಂದ್ರಲ್ಲ, ಅದು ಸುಳ್ಳು. ಸಾಕ್ಷಿ ನಾನು."

"ಕೂತ್ಕೊಳೋ" ಎಂದರು ಮಾಮ, ತಗ್ಗಿದ ದನಿಯಲ್ಲಿ. "ಆ ಮಾತು ಈಗ ಬೇಡ."

ಅವನು ಕೂರಲಿಲ್ಲ. ಮೇಡಂ ನಿಯಮದಂತೆ ಪ್ರಶ್ನೆ ಶುರು ಮಾಡಿದರು. ಎಲ್ಲಿ ಕಂಡದ್ದು? ಗಿರಣಿಯ ಹಿಂದೆ, ಹಳ್ಳದ ದಡದಲ್ಲಿ. ಯಾವಾಗ? ಎಂಟು ವರ್ಷದವನಿದ್ದಾಗ, ರಜೆಗೆಂದು ಅಕ್ಕನ ಮನೆಗೆ ಬಂದಿದ್ದೆ. ಭಾವ ನನ್ನನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಮೀಟರ್ ಓದಲು ಹೋಗುತ್ತಿದ್ದರು. ಹೊಸ ಶೂ ಕಳಚಿಟ್ಟು ನೀರಲ್ಲಿ ಆಡುತ್ತಿದ್ದಾಗ ನರಿ ಬಂತು. ಎಷ್ಟು ದೂರದಲ್ಲಿತ್ತು? ಈ ಮೇಜಿನಷ್ಟು. ಅದರ ನಡವಳಿಕೆ?

"ಒಂದು ಶೂ ಕಚ್ಚಿಕೊಂಡು, ನಿಂತು, ನನ್ನನ್ನೇ ನೋಡ್ತು."

"ನೀವು ಏನು ಮಾಡಿದ್ರಿ?"

ಭಾವಮೈದುನ ಕೊರಳಿನ ದುರ್ಬೀನು ತೆಗೆದು ಮೇಜಿನ ಮೇಲಿಟ್ಟ. ಹಾಲಿನಲ್ಲಿ ಅವನ ಅಂಗಡಿಯ ಗಿರಾಕಿಗಳೆಲ್ಲ ಇದ್ದರು.

"ಚಡ್ಡಿ ಒದ್ದೆ ಮಾಡ್ಕೊಂಡೆ" ಅಂದ.

ಮೀಟರಿನ ಹೊಟ್ಟೆಗೆ ನಕ್ಕ ಜನ ಇದಕ್ಕೆ ಸುಮ್ಮನಿರುತ್ತಾರೆಯೇ? ಹೆಡ್‌ಮೇಡಂ ಕೂಡ ಕರವಸ್ತ್ರ ಬಾಯಿಗೆ ಒತ್ತಿಕೊಂಡರು. ಅವನು ಕೈ ಎತ್ತಿ, "ಇನ್ನೂ ಮುಗಿದಿಲ್ಲ" ಅಂದ. "ಮನೆಗೆ ಬರಲ್ಲ, ಎಲ್ಲರೂ ನಗ್ತಾರೆ ಅಂತ ನಾನು ಅಳ್ತಾ ನಿಂತೆ. ಭಾವ ನನ್ನ ಕೈ ಹಿಡ್ಕೊಂಡು, ಇಲಾಖೆಯ ಬಟ್ಟೆ ಹಾಕ್ಕೊಂಡೇ, ಹಳ್ಳದೊಳಗೆ ನಡೆದರು. ಇಬ್ಬರೂ ಕತ್ತಿನವರೆಗೆ ನೆಂದ ಮೇಲೆ ಎದ್ದು ಬಂದ್ವಿ. ಮನೇಲಿ, ಸೈಕಲ್ಲು ಜಾರಿ ಬಿದ್ವಿ ಅಂದ್ರು. ಅಷ್ಟೇ. ಇವತ್ತಿನವರೆಗೆ ಅವರ ಬಾಯಿಂದ ಆ ಸುದ್ದಿ ಬಂದಿಲ್ಲ. ಈಗಲೂ ಬರ್ತಿರಲಿಲ್ಲ."

ಈಗ ಯಾರೂ ನಗಲಿಲ್ಲ. ಎರಡನೆಯ ಸಾಲಿನಲ್ಲಿ ಮಾಮನ ಹೆಂಡತಿ ಎದ್ದು ನಿಂತಿದ್ದಳು. ತಮ್ಮನನ್ನು ಹಳ್ಳಕ್ಕೆ ಕೆಡವಿದ ಗಂಡನ ಕಥೆಯನ್ನು ಅವಳು ಹೇಳದ ಮನೆಯಿರಲಿಲ್ಲ. ಸೈಕಲ್ಲು ಹೊಡೆಯಲು ಬಾರದವರು, ನಮ್ಮವರ ಕೈಗೆ ಮಕ್ಕಳನ್ನು ಕೊಡಬೇಡಿ ಎಂದು ನೆಂಟರಿಗೆಲ್ಲ ತಾಕೀತು ಮಾಡಿದ್ದಳು. ಸ್ವಂತ ಮಗಳನ್ನು ಶಾಲೆಗೆ ಬಿಡುವಾಗಲೂ ಹತ್ತಕೂಡದು, ತಳ್ಳಿಕೊಂಡೇ ಹೋಗಬೇಕು ಎಂದು ಅಪ್ಪಣೆ ಮಾಡಿದ್ದಳು. ಆ ಮಗಳು ಶಾಲೆ ಮುಗಿಸುವವರೆಗೂ ಮಾಮ ಅವಳನ್ನು ಕೂರಿಸಿಕೊಂಡು ಸೈಕಲ್ಲು ತಳ್ಳುತ್ತಲೇ ನಡೆದಿದ್ದರು. ಹೆಂಡತಿ ಮಾತ್ರ ಅದರ ಮೇಲೆ ಒಮ್ಮೆಯೂ ಕೂತವಳಲ್ಲ.

"ರೀ" ಎಂದಳು ಅವಳು. "ಅವತ್ತು ನೀವು ಬೀಳಲಿಲ್ವಾ?"

ಮಾಮ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ತಲೆ ತಗ್ಗಿಸಿದರು. "ಬಿದ್ದಿಲ್ಲ ಕಣೇ. ಇಳಿದದ್ದು."

ಅವಳಿಗೆ ಅಳು ಬಂತು. ಅತ್ತಳು, ಅಷ್ಟು ಜನರ ಎದುರಿಗೇ.

ಮೇಡಂ ಮೂಗು ಒರೆಸಿಕೊಂಡು, ನರಿಗೆ ಸಾಕ್ಷಿ ಸಿಕ್ಕಿತು, ಎಲ್ಲ ದಾಖಲೆಯೂ ಹಳೆಯ ವಿಭಾಗದಲ್ಲಿ ಇವರ ಹೆಸರಿನಲ್ಲೇ ಉಳಿಯುತ್ತದೆ ಎಂದು ಘೋಷಿಸಿದರು. ಆಮೇಲೆ ಸಭೆ ಸಭೆಯಾಗಿ ಉಳಿಯಲಿಲ್ಲ. ನನ್ನದೂ ಬರ್ಕೊಳ್ಳಿ ಎಂದು ಜನ ಮುಗಿಬಿದ್ದರು. ಒಬ್ಬರಿಗೆ ಬಾಲ್ಯದ ಗೂಬೆ ನೆನಪಾಯಿತು, ಇನ್ನೊಬ್ಬರಿಗೆ ಅಜ್ಜಿಯ ಮನೆಯ ಬಾವಲಿ. ಹೆಡ್‌ಮೇಡಂ, ಶಾಲೆಯಲ್ಲಿ ತಮ್ಮ ಮೇಜಿನ ಡ್ರಾಯರಿನಲ್ಲಿ ಕಪ್ಪೆ ಸಿಕ್ಕಿದ್ದನ್ನೂ ಅದನ್ನಿಟ್ಟವನು ಇಂದಿಗೂ ತಪ್ಪೊಪ್ಪಿಕೊಳ್ಳದೆ ಇರುವುದನ್ನೂ ಬರೆಸಿದರು. ಬೇಕರಿಯವನು ಹಳ್ಳದಲ್ಲಿ ಆನೆ ಸ್ನಾನ ಮಾಡುತ್ತಿದ್ದುದನ್ನು ಕಂಡೆನೆಂದು ಶುರು ಮಾಡಿದಾಗ ಮಾಮನಿಗೆ ಸುಮ್ಮನಿರಲಾಗಲಿಲ್ಲ.

"ಆನೆ ಇರಲಿಲ್ಲ ಕಣಯ್ಯ! ಕಾಣದ್ದನ್ನ ಬರೆಸ್ಬೇಡ!"

ಹೊರಗೆ ಗೋಡೆಗೆ ಒರಗಿಸಿದ್ದ ತಮ್ಮ ಹಳೆಯ ಸೈಕಲ್ಲಿನ ಹಿಡಿಕೆ ಹಿಡಿದು ಮಾಮ ತಳ್ಳತೊಡಗಿದರು. ಹೆಂಡತಿ ಹಿಂದಿನಿಂದ ಬಂದು ಸೈಕಲ್ಲನ್ನು ಹಿಡಿದು ನಿಲ್ಲಿಸಿದಳು.

"ಹತ್ತಿ. ನಾನು ಹಿಂದೆ ಕೂರ್ತೀನಿ."

"ಈ ವಯಸ್ಸಲ್ಲಾ?"

"ಹತ್ತಿ ಅಂದ್ನಲ್ಲ!"

ಮಾಮ ಹತ್ತಿದರು. ಅವಳು ಹಿಂದೆ ಕೂತು ಅವರ ಸೊಂಟವನ್ನು ಭದ್ರವಾಗಿ ಹಿಡಿದುಕೊಂಡಳು. ಸೈಕಲ್ಲು ಬಲಕ್ಕೆ ವಾಲಿತು, ಎಡಕ್ಕೆ ವಾಲಿತು, ಮಾಮ ಒಂದು ಕ್ಷಣ ಕೂದಲು ಕಪ್ಪಗಿದ್ದ ಕಾಲದ ಹಾಗೆ ಬೆನ್ನು ನೆಟ್ಟಗೆ ಮಾಡಿ ಪೆಡಲು ತುಳಿದರು. ಗ್ರಂಥಾಲಯದ ಮೂಲೆಯ ತನಕ ಎಲ್ಲ ಚೆನ್ನಾಗಿಯೇ ಹೋಯಿತು. ಅಲ್ಲಿ ತಿರುಗಬೇಕಾದಾಗ ಸೈಕಲ್ಲು ತಿರುಗಲಿಲ್ಲ. ಗಂಡ ಹೆಂಡಿರಿಬ್ಬರೂ ಗ್ರಂಥಾಲಯದ ಗಿಡದ ಬೇಲಿಯೊಳಗೆ ದಬಕ್ಕನೆ ಹೋಗಿ ಕೂತರು.

ಹಾಲಿನಲ್ಲಿದ್ದವರೆಲ್ಲ ಓಡಿ ಬಂದರು, ಎಲ್ಲರಿಗಿಂತ ಮುಂದೆ ಭಾವಮೈದುನ. "ಅಯ್ಯೋ, ಭಾವ ಬಿದ್ದುಬಿಟ್ರು!"

ಹೆಂಡತಿ ಬೇಲಿಯೊಳಗಿಂದ ತಲೆ ಎತ್ತಿದಳು. ಕೂದಲ ತುಂಬ ಎಲೆ. ನಗು ತಡೆಯಲಾರದೆ ಅವಳ ಮೈಯೆಲ್ಲ ಕುಲುಕುತ್ತಿತ್ತು. ಆದರೂ ಸೆರಗು ಸರಿಮಾಡಿಕೊಂಡು, ಗಂಡನ ತೋಳು ಹಿಡಿದುಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದಳು:

"ಯಾರೂ ಬಿದ್ದಿಲ್ಲ. ನಾವೇ ಇಳಿದದ್ದು."